ರೇಷ್ಮೆಯನ್ನು ಪಳಗಿಸಲು ಹೋದದ್ದು

ಆರು ವಾರ ಯಾಕೆ, ಆರೇ ದಿನ ಸಾಕು ಎಂದು ನಾನು ಹೇಳಿದ್ದು ನಿಜ. ಆಗ ಎದುರಿಗೆ ಮೂವರು ಸಾಕ್ಷಿಗಳಿದ್ದರು: ಹೆಂಡತಿ ಕಾಲಿಪಾ, ಮಗಳು ಚೋಲ್ಪೊನ್, ಎದುರುಮನೆಯ ಲಿಡಿಯಾ ಮಕಾರೋವ್ನಾ. ನಾಲ್ಕನೆಯ ಸಾಕ್ಷಿ ಗಾಜಿನ ಪೆಟ್ಟಿಗೆಯೊಳಗೆ ಸುರುಳಿ ಸುತ್ತಿಕೊಂಡು ನನ್ನನ್ನೇ ದಿಟ್ಟಿಸುತ್ತಿತ್ತು. ಏಳನೆಯ ದಿನ ಬೆಳಿಗ್ಗೆ ಇದನ್ನು ಮಫ್ಲರಿನಂತೆ ಕೊರಳಿಗೆ ಸುತ್ತಿಕೊಂಡು ಓಶ್ ಬಜಾರಿಗೆ ಹೋಗಿ ಕಲ್ಲಂಗಡಿ ತರುತ್ತೇನೆ ಎಂದೂ ಸೇರಿಸಿದೆ. ಸೇರಿಸಬಾರದಿತ್ತು.

ನಾನು ಕೆಂಜೆಬೆಕ್. ಬಿಷ್ಕೆಕ್ಕಿನ ರೇಸ್‌ಕೋರ್ಸ್ ಲಾಯದಲ್ಲಿ ಮೂವತ್ತೆಂಟು ವರ್ಷ ಕುದುರೆ ಪಳಗಿಸಿದವನು. ಮೂವರು ಸವಾರರ ಹಲ್ಲು ಉದುರಿಸಿದ ಗಂಡುಗುದುರೆ ನನ್ನ ಕೈಯಲ್ಲಿ ಸಕ್ಕರೆ ತಿಂದಿದೆ. ಅಂಥವನು ನಿವೃತ್ತನಾಗಿ ಎರಡು ವರ್ಷವಾಯಿತು. ಈಗ ನನ್ನ ಮಾತು ಕೇಳುವ ಪ್ರಾಣಿ ಒಂಬತ್ತನೆಯ ಮಹಡಿಯ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಟಿವಿಯ ರಿಮೋಟ್ ಕೂಡ ಕಾಲಿಪಾಳ ಕೈಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ. ದಿನವಿಡೀ ಬಾಲ್ಕನಿಯಲ್ಲಿ ಕುಳಿತು, ಕೆಳಗೆ ತಪ್ಪಾಗಿ ಕಾರು ನಿಲ್ಲಿಸುವವರನ್ನು ಗದರಿಸುತ್ತಿದ್ದೆ. ಅವರೂ ಕೇಳುತ್ತಿರಲಿಲ್ಲ.

ಅಷ್ಟರಲ್ಲಿ ಹಾವು ಬಂತು. ಚೋಲ್ಪೊನ್ ಪಶುವೈದ್ಯ ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಯಾರೋ ಸಾಕಿ, ಬೇಸರ ಬಂದು, ಕಾಲೇಜಿನ ಕ್ಲಿನಿಕ್ಕಿನ ಬಾಗಿಲಲ್ಲಿ ಡಬ್ಬಿಯಲ್ಲಿಟ್ಟು ಓಡಿಹೋದ ಹಾವಂತೆ. ವಿಷವಿಲ್ಲ. ನಮ್ಮ ಬೆಟ್ಟಗಳಲ್ಲಿ ಓಡಾಡುವ ಕೇರೆಯ ಜಾತಿ, ತೋಳಿನಷ್ಟು ಉದ್ದ, ಬೂದುಬಣ್ಣದ ಮೇಲೆ ಕಂದು ಚಿತ್ತಾರ. ಕೇರೆಯೇನೋ ಹೌದು, ಆದರೆ ಯಾರನ್ನೂ ಕೇರ್ ಮಾಡದ ಕೇರೆ. ಕ್ಲಿನಿಕ್ಕಿನಲ್ಲಿ ಇಬ್ಬರು ಡಾಕ್ಟರು, ಒಬ್ಬ ಜವಾನ, ಒಂದು ಸ್ಟೆತಸ್ಕೋಪು, ಎಲ್ಲವನ್ನೂ ಕಚ್ಚಿತ್ತು. ಮಗಳು ಅದಕ್ಕೆ ಜಿಬೆಕ್ ಎಂದು ಹೆಸರಿಟ್ಟಿದ್ದಳು. ಜಿಬೆಕ್ ಎಂದರೆ ರೇಷ್ಮೆ. ಹೆಸರು ರೇಷ್ಮೆ, ಸ್ವಭಾವ ಮುಳ್ಳುತಂತಿ.

ಚೋಲ್ಪೊನ್‌ಗೆ ನಾರಿನ್ ಕಡೆಯ ಕುರಿ ಫಾರಮ್ಮಿನಲ್ಲಿ ಆರು ವಾರ ತರಬೇತಿ. ಅದು ಮುಗಿಯುವವರೆಗೆ ಹಾವು ನಮ್ಮಲ್ಲಿರಲಿ ಎಂದಳು. ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ಲಿಡಿಯಾ ಮಕಾರೋವ್ನಾ ಬಡಾವಣೆಯ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಾರೆ. ಅಲ್ಲಿ ಆಮೆ, ಗಿಳಿಗಳಿರುವ ಒಂದು ಪ್ರಾಣಿಕೋಣೆಯನ್ನೂ ನೋಡಿಕೊಳ್ಳುತ್ತಾರೆ. ಮಕ್ಕಳು ಕೈಯಲ್ಲಿ ಹಿಡಿಯುವಷ್ಟು ಸಾಧುವಾದರೆ ಸೆಪ್ಟೆಂಬರಿನಲ್ಲಿ ಶಾಲೆ ತೆರೆದಾಗ ಹಾವನ್ನು ಅಲ್ಲಿಗೆ ಒಯ್ಯುತ್ತೇನೆ ಎಂದು ಅವರು ಒಪ್ಪಿದ್ದರು.

ಸಾಧುವಾಗದಿದ್ದರೆ ಏನು ಮಾಡುತ್ತಾರೆ ಎಂದು ಕಾಲಿಪಾ ಕೇಳಿದಳು.

ಚೋಲ್ಪೊನ್ ಗಾಜಿನ ಮೇಲೆ ಬೆರಳಾಡಿಸುತ್ತಾ ಹೇಳಿದಳು: "ಕಚ್ಚೋ ಹಾವನ್ನ ಯಾರು ಇಟ್ಕೋತಾರಮ್ಮ? ಪೆಟ್ಟಿಗೇಲೇ ಬೆಳೆದಿದ್ದು, ಬೆಟ್ಟಕ್ಕೆ ಬಿಟ್ರೆ ಬದುಕಲ್ಲ. ಕ್ಲಿನಿಕ್‌ನವರು ಸೂಜಿ ಹಾಕಿ ಮುಗಿಸಿಬಿಡ್ತಾರೆ."

ಆಗಲೇ ನಾನು ಆ ಆರು ದಿನದ ಮಾತಾಡಿದ್ದು. ಮಗಳ ಕಣ್ಣಲ್ಲಿ ನೀರಿತ್ತು, ಪಕ್ಕದಲ್ಲಿ ಹೊರಗಿನವರೊಬ್ಬರಿದ್ದರು, ನನಗೆ ಎರಡು ವರ್ಷದಿಂದ ಕೆಲಸವಿರಲಿಲ್ಲ. ಗಂಡಸೊಬ್ಬ ಬಡಾಯಿ ಕೊಚ್ಚಲು ಇದಕ್ಕಿಂತ ಹೆಚ್ಚಿನದೇನು ಬೇಕು?

ಚೋಲ್ಪೊನ್ ಒಂದು ಹಾಳೆಯಲ್ಲಿ ನಿಯಮಗಳನ್ನು ಬರೆದು ಫ್ರಿಜ್ಜಿಗೆ ಅಂಟಿಸಿ ಹೋದಳು. ವಾರಕ್ಕೊಂದು ಇಲಿ, ಅವು ಹಿಮಗಟ್ಟಿ ಫ್ರೀಜರಿನಲ್ಲಿ, ಮಂತಿ ಕಡುಬಿಗೆಂದು ತಂದ ಕೈಮಾದ ಪಕ್ಕದಲ್ಲೇ ಕುಳಿತಿದ್ದವು. ಮೊದಲ ಎರಡು ವಾರ ಮುಟ್ಟಲೇ ಕೂಡದು ಎಂಬ ಸಾಲಿಗೆ ಕೆಳಗೆ ಎರಡು ಗೆರೆ ಎಳೆದಿದ್ದಳು. ನಾನು ಓದಿದೆ. ಇದು ವಿದ್ಯಾರ್ಥಿಗಳಿಗೆ ಬರೆದದ್ದು, ಗುರುಗಳಿಗಲ್ಲ ಎಂದುಕೊಂಡೆ. ಕಾಲಿಪಾ ಮಾತ್ರ ತನ್ನ ಕೆಲಸ ಇಷ್ಟೇ ಎಂದು ಮೊದಲೇ ಸಾರಿದಳು: ಸೂಪಿನ ಉದ್ದ ಸೌಟಿನಿಂದ ದೂರ ನಿಂತು ನೀರು ಹಾಕುವುದು. ಹಾವಿನ ಕೋಣೆಗೆ ಕಾಲಿಡುವಾಗ ಅವಳು ದೇವರನ್ನೂ ತೀರಿಕೊಂಡ ತನ್ನ ಅಜ್ಜಿಯನ್ನೂ ಕರೆಯುತ್ತಿದ್ದಳು.

ಪಳಗಿಸುವ ವಿದ್ಯೆಯ ಮೊದಲ ಪಾಠ, ಕಣ್ಣಲ್ಲಿ ಕಣ್ಣಿಟ್ಟು ಯಜಮಾನ ಯಾರೆಂದು ತೋರಿಸುವುದು. ಮೊದಲ ದಿನವೇ ನಾನು ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತೆ. ಹಾವಿಗೆ ರೆಪ್ಪೆಯೇ ಇಲ್ಲ ಎಂಬುದು ನನಗೆ ತಿಳಿದದ್ದು ನಾಲ್ಕು ನಿಮಿಷದ ನಂತರ, ನನ್ನ ಕಣ್ಣಿನಿಂದ ಧಾರಾಕಾರ ನೀರು ಇಳಿಯತೊಡಗಿದ ಮೇಲೆ. ಸೋಲೊಪ್ಪದೆ ಮುಚ್ಚಳ ತೆಗೆದು ಕೈ ಇಳಿಸಿದೆ. ಅದು ಬಾಲವನ್ನು ಎಲೆಗಳ ಮೇಲೆ ಪಟಪಟನೆ ಬಡಿಯಿತು, ಒಣ ಬಟಾಣಿಯನ್ನು ಡಬ್ಬಿಯಲ್ಲಿ ಅಲ್ಲಾಡಿಸಿದಂತೆ. ಬಾಲ ಬಿಚ್ಚಬೇಡ ಎಂದು ಗದರಿಸಿದೆ. ಮೈಯೆಲ್ಲ ಬಾಲವೇ ಆಗಿರುವ ಪ್ರಾಣಿಗೆ ಅದೆಂಥ ಬೈಗುಳ! ಹೆಬ್ಬೆರಳಿನಲ್ಲಿ ಎರಡು ಸಾಲು ಸೂಜಿ ಚುಚ್ಚಿದಂತಾಯಿತು.

ಕಾಲಿಪಾ ಅಯೋಡಿನ್ ಹಚ್ಚಿದಳು. ಒಂದು ಮಾತೂ ಆಡಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳ ಮಾತಿಗೆ ನಾನು ಹೆದರಿದ್ದಿಲ್ಲ, ಹೆದರುವುದು ಈ ಮೌನಕ್ಕೆ.

ಎರಡನೆಯ ಪಾಠ, ಅಂಗೈಯಲ್ಲಿ ಸಕ್ಕರೆ. ಅಂಗೈ ಹೋಯಿತು, ಸಕ್ಕರೆ ಉಳಿಯಿತು. ಮೂರನೆಯ ಪಾಠಕ್ಕೆ, ಹದ್ದು ಸಾಕಿ ಬೇಟೆಯಾಡುವ ನನ್ನ ದೊಡ್ಡಪ್ಪನ ಮಗನಿಂದ ದಪ್ಪ ತೊಗಲಿನ ಕೈಗವಸನ್ನು ತರಿಸಿದೆ. ಹದ್ದಿನ ಉಗುರು ಇಳಿಯದ ಕೈಗವಸು! ಹಾವು ಅದನ್ನು ಕಚ್ಚುವ ಮೂರ್ಖತನ ಮಾಡಲಿಲ್ಲ. ಅದರ ಮೇಲೆ ಮೆಟ್ಟಿಲೇರಿದಂತೆ ಏರಿ ಬಂದು, ಕೈಗವಸು ಮುಗಿದು ನಾನು ಶುರುವಾಗುವ ಜಾಗದಲ್ಲಿ ಕಚ್ಚಿತು. ಒಮ್ಮೆ ಹಿಂದಿನಿಂದ ಮೆಲ್ಲಗೆ ಹಿಡಿಯೋಣವೆಂದು ಬಗ್ಗಿದೆ; ಹಾವಿಗೆ ಹಿಂದೆ ಎಂಬುದು ಇಲ್ಲವೆಂದು ಕಿವಿಯಲ್ಲಿ ಹೇಳಿತು, ಹಲ್ಲಿನ ಸಮೇತ.

ಆರು ದಿನ ಹನ್ನೆರಡಾಯಿತು. ಕಡಿತದ ಲೆಕ್ಕ ಹನ್ನೊಂದು. ಕೈ ಕಚ್ಚುವ ವ್ಯವಹಾರ ಎಂದು ಕೇಳಿದ್ದೆ, ಮಾಡಿದ್ದು ಇದೇ ಮೊದಲು. ಸಂಜೆಯ ವಿಡಿಯೋ ಕರೆಯಲ್ಲಿ ಮಗಳು ಕೇಳಿದಾಗಲೆಲ್ಲ, ಎರಡೂ ಕೈಗಳನ್ನು ಮೇಜಿನ ಕೆಳಗೆ ಬಚ್ಚಿಟ್ಟು, ನಾವಿಬ್ಬರೂ ಹತ್ತಿರವಾಗುತ್ತಿದ್ದೇವೆ ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಹತ್ತಿರವಾದಾಗಲೇ ಅದು ಕಚ್ಚುತ್ತಿದ್ದದ್ದು.

ಹದಿಮೂರನೆಯ ದಿನ ಕಾಲಿಪಾ ಅಕ್ಕನ ಮನೆಗೆ ಹೋಗಿದ್ದಳು. ಮಟಮಟ ಮಧ್ಯಾಹ್ನ. ಇವತ್ತು ಇತ್ಯರ್ಥವಾಗಲಿ ಎಂದು ತೀರ್ಮಾನಿಸಿದೆ. ನಮ್ಮ ಕುದುರೆಗಾರರು ಉದ್ದ ಕೋಲಿನ ತುದಿಗೆ ಕುಣಿಕೆ ಕಟ್ಟಿ ಮಂದೆಯ ಕುದುರೆಯನ್ನು ಹಿಡಿಯುತ್ತಾರೆ. ನಾನು ಕಾಲಿಪಾಳ ಸೂಪಿನ ಸೌಟಿಗೆ ಬೂಟಿನ ಲಾಡಿಯ ಕುಣಿಕೆ ಕಟ್ಟಿದೆ. ಕುಣಿಕೆ ಹಾವಿನ ಕೊರಳಿಗೆ ಬಿತ್ತು. ಆದರೆ ಹಾವೆಂದರೆ ಆರಂಭದಿಂದ ಕೊನೆಯವರೆಗೆ ಬರೀ ಕೊರಳು. ಅದು ಕುಣಿಕೆಯಲ್ಲಿ ನೀರಿನಂತೆ ಹರಿದು, ಸೌಟಿನ ಮೇಲೆ ಇಳಿದು, ನನ್ನ ತೋಳನ್ನು ಸೇತುವೆ ಮಾಡಿಕೊಂಡು ನೆಲಕ್ಕೆ ಬಂತು. ನಾನು ಹಾರಿ ಮಂಚದ ಮೇಲೆ ನಿಂತು ಉಸಿರು ಬಿಡುವಷ್ಟರಲ್ಲಿ ಬಾಗಿಲ ಸಂದಿಯಲ್ಲಿ ಬಾಲದ ತುದಿ ಮಾತ್ರ ಕಂಡಿತು.

ಮುಂದಿನ ಒಂದು ಗಂಟೆಯಲ್ಲಿ ನಾನು ಮಾಡಿದ್ದನ್ನು ಭೂಕಂಪಕ್ಕೂ ಮಾಡಲು ಆಗುತ್ತಿರಲಿಲ್ಲ. ಸೋಫಾ ಎತ್ತಿದೆ, ಒಂದು ಕಾಲು ಕೈಗೆ ಬಂತು. ಕಂಬಳಿ ಜಮಖಾನೆಗಳನ್ನು ಸುತ್ತಿ ನಿಲ್ಲಿಸಿದೆ. ಗೋಡೆಯ ಪಕ್ಕದ ಪೆಟಾರಿಯ ಮೇಲೆ, ಕಾಲಿಪಾ ತವರಿನಿಂದ ತಂದ ಇಪ್ಪತ್ತೆರಡು ಕೌದಿಗಳು ಚಾವಣಿ ಮುಟ್ಟುವಂತೆ ಪೇರಿಕೊಂಡಿದ್ದವು. ಅವುಗಳ ನಡುವೆ ಕೈ ಹಾಕಿದೆ. ಇಪ್ಪತ್ತೆರಡೂ ಒಟ್ಟಾಗಿ ನನ್ನ ಮೇಲೆ ಮಲಗಿದವು. ಅವುಗಳ ಅಡಿಯಿಂದ ತೆವಳಿ ಹೊರಬರುವಾಗ ಆ ಮನೆಯಲ್ಲಿ ತೆವಳುವ ಪ್ರಾಣಿ ನಾನೊಬ್ಬನೇ ಆಗಿದ್ದೆ.

ಹಾಗೆ ನೆಲದಲ್ಲಿ ಮಲಗಿದ್ದಾಗಲೇ ಕಪಾಟಿನ ಅಡಿಯ ಕತ್ತಲಲ್ಲಿ ಅದು ಕಂಡದ್ದು. ಕಪ್ಪಗೆ, ಸುರುಳಿ ಸುತ್ತಿಕೊಂಡು, ಹಾಯಾಗಿ. ಮನೆಯೊಳಗೆ ಹಾವು ಬಂದರೆ ಹೊಡೆಯಬಾರದು, ತಲೆಯ ಮೇಲೆ ಬಿಳಿಯದೇನಾದರೂ ಎರೆಯಬೇಕು, ಆಗ ಅದು ಶಾಂತವಾಗಿ ಹೊರಟುಹೋಗುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ವಿದ್ಯೆಯೆಲ್ಲ ಮುಗಿದವನಿಗೆ ಅಜ್ಜಿಯೇ ಗತಿ. ಫ್ರಿಜ್ಜಿನಲ್ಲಿ ಹಾಲಿರಲಿಲ್ಲ. ಒಂದು ಜಗ್ಗು ಮಜ್ಜಿಗೆಯಿತ್ತು. ಬಿಳಿಗೆ ಬಿಳಿ ಎಂದು ಅಷ್ಟನ್ನೂ ಭಕ್ತಿಯಿಂದ ಕಪಾಟಿನ ಅಡಿಗೆ ಎರೆದೆ.

ಅದು ಇಸ್ತ್ರಿಪೆಟ್ಟಿಗೆಗೆಂದು ಎಳೆದ ವೈರಿನ ಸುರುಳಿ.

ಹಾವಿಗೆ ಹಾಲೆರೆದವರು ಪಡುವ ಪಾಡು ಲೋಕಕ್ಕೆಲ್ಲ ಗೊತ್ತು. ವೈರಿಗೆ ಮಜ್ಜಿಗೆ ಎರೆದವನ ಪಾಡು ನನ್ನನ್ನು ಕೇಳಿ. ನೀಲಿ ಬೆಳಕು, ಢಂ ಎಂಬ ಸದ್ದು, ಹುಳಿ ವಾಸನೆಯ ಹೊಗೆ. ನಮ್ಮ ಕಟ್ಟಡದ ವೈರಿಂಗಿಗೆ ನನಗಿಂತ ಹೆಚ್ಚು ವಯಸ್ಸು. ಒಂದು ಮನೆ ಸೀನಿದರೆ ಎಲ್ಲ ಮನೆಗಳಿಗೂ ನೆಗಡಿ. ಒಂಬತ್ತು ಮಹಡಿಯ ಕರೆಂಟೂ ಹೋಯಿತು, ಲಿಫ್ಟೂ ನಿಂತಿತು. ಲಿಫ್ಟಿನೊಳಗೆ, ಆರು ಮತ್ತು ಏಳನೆಯ ಮಹಡಿಗಳ ನಡುವೆ, ಎರಡು ಚೀಲ ಟೊಮೆಟೊ ಹಿಡಿದ ಲಿಡಿಯಾ ಮಕಾರೋವ್ನಾ ಇದ್ದರು. ಅವರ ಪಕ್ಕದಲ್ಲಿ, ಅಕ್ಕನ ಮನೆಯಿಂದ ಬೇಗ ಹೊರಟು ಬಂದ ನನ್ನ ಹೆಂಡತಿ ಇದ್ದಳು.

ಮೆಕ್ಯಾನಿಕ್ ಬಂದು ಅವರನ್ನು ಹೊರಗೆಳೆಯಲು ಐವತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ನಾನು ಕೌದಿಗಳನ್ನು ಹೇಗೋ ಪೇರಿಸಿ, ಸೋಫಾದ ಕಾಲಿನ ಜಾಗಕ್ಕೆ ಇಟ್ಟಿಗೆ ಕೊಟ್ಟು, ಗೋಡೆಗೆ ನೇತುಹಾಕಿದ್ದ ನನ್ನ ಹಳೆಯ ಹೆಣಿಗೆ ಚಾವಟಿಯನ್ನು ಪೆಟ್ಟಿಗೆಯೊಳಗೆ ಎಲೆಗಳ ಅಡಿಯಲ್ಲಿ ಸುರುಳಿ ಸುತ್ತಿ ಮಲಗಿಸಿದೆ. ನೋಡಿದರೆ ಹಾವೇ. ದೂರದಿಂದ ನೋಡಿದರೆ. ಕಣ್ಣು ಅರ್ಧ ಮುಚ್ಚಿಕೊಂಡು.

ಕಾಲಿಪಾ ಒಳಗೆ ಬಂದು ಮೂಗನ್ನು ಎರಡು ಸಲ ಅರಳಿಸಿದಳು. ಮನೆ ಗುಡಿಸುತ್ತಿದ್ದೆ, ಮಜ್ಜಿಗೆ ಕೈತಪ್ಪಿತು ಎಂದೆ. ಹಾವೆಲ್ಲಿ ಎಂದಳು. ಮಲಗಿದೆ ಎಂದೆ. ಅವಳು ಸೌಟು ಹಿಡಿದು ಪೆಟ್ಟಿಗೆಯ ತನಕ ಹೋಗಿ, ಗಾಜಿನೊಳಗೆ ತುಂಬಾ ಹೊತ್ತು ನೋಡಿ, ತಲೆಯಾಡಿಸಿ ಅಡುಗೆಮನೆಗೆ ಹೋದಳು. ನನ್ನ ಜಾಣ್ಮೆಯ ಬಗ್ಗೆ ಆ ಕ್ಷಣದಲ್ಲಿ ನನಗಿದ್ದ ಗೌರವ ಮತ್ತೆಂದೂ ಬರಲಿಲ್ಲ.

ಅಲ್ಲಿಂದ ನನ್ನ ವನವಾಸ ಶುರುವಾಯಿತು. ಹಾವು ಮನೆಯಲ್ಲೇ ಎಲ್ಲೋ ಇದೆ. ಎಲ್ಲಿ ಎಂಬುದು ಅದಕ್ಕೆ ಮಾತ್ರ ಗೊತ್ತು. ಬೇಸಿಗೆಯ ಸೆಕೆಯಲ್ಲಿ ಮೊಣಕಾಲುದ್ದದ ಸವಾರಿ ಬೂಟು ಹಾಕಿಕೊಂಡು ಮನೆಯೊಳಗೆ ಓಡಾಡಿದೆ. ಚಹಾ ಬಗ್ಗಿಸುವ ಮೊದಲು ಕೆಟಲಿನೊಳಗೆ ಇಣುಕಿದೆ. ಪ್ಯಾಂಟು ಹಾಕುವ ಮೊದಲು ಅದನ್ನು ಕೋಲಿನಿಂದ ಬಡಿದೆ. ದಿನಾ ಬೆಳಿಗ್ಗೆ ಕಾಲಿಪಾಳ ಕಣ್ಣೆದುರು ಚಾವಟಿಗೆ ತಪ್ಪದೆ ನೀರು ಬದಲಾಯಿಸಿದೆ, ಅದರೊಂದಿಗೆ ನಾಲ್ಕು ಅಕ್ಕರೆಯ ಮಾತಾಡಿದೆ. ವಾರಕ್ಕೊಂದು ಇಲಿಯನ್ನು ಬಾಲ್ಕನಿಯಿಂದ ಕಾಗೆಗೆ ಎಸೆದೆ. ಫ್ರೀಜರಿನಲ್ಲಿ ಇಲಿಗಳು ನಾನು ಎಸೆದದ್ದಕ್ಕಿಂತ ಬೇಗ ಖಾಲಿಯಾಗುತ್ತಿದ್ದವು. ವಯಸ್ಸಾಯಿತು, ಎಣಿಕೆ ತಪ್ಪುತ್ತಿದೆ ಎಂದುಕೊಂಡೆ.

ಮಗಳಿಗೆ ಫೋನಿನಲ್ಲಿ ಪೆಟ್ಟಿಗೆಯನ್ನು ದೂರದಿಂದಲೇ ತೋರಿಸುತ್ತಿದ್ದೆ. ಅದು ಅಲ್ಲಾಡುವುದೇ ಇಲ್ಲವಲ್ಲ ಎಂದು ಅವಳು ಆತಂಕಪಟ್ಟಳು. ಶಿಸ್ತು ಕಲಿಸಿದ್ದೇನೆ ಎಂದೆ. ಕಾಲಿಪಾ ಪಕ್ಕದಲ್ಲಿ ಕುಳಿತು, ಮುಖವನ್ನು ಚಹಾದ ಬಟ್ಟಲಿನೊಳಗೆ ಮುಳುಗಿಸಿ ಕುಡಿಯುತ್ತಿದ್ದಳು. ಲಿಫ್ಟಿನ ವಿಷಯಕ್ಕೆ ಅವಳಿಗೆ ಇನ್ನೂ ಸಿಟ್ಟಿದೆ ಎಂದು ನಾನು ತಿಳಿದೆ. ಯಾಕೆಂದರೆ ಆಗಿನಿಂದ ದಿನಾ ಮಧ್ಯಾಹ್ನ ಅವಳು ಹೊಲಿಗೆ ಯಂತ್ರದ ಪುಟ್ಟ ಕೋಣೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಒಮ್ಮೆ ಬಾಗಿಲು ತಟ್ಟಿದ್ದಕ್ಕೆ, ಮೆತ್ತಗೆ ನಡೀರಿ, ಬೂಟಿನ ಸದ್ದು ಬೇಡ ಎಂದಳು. ಯಾರಿಗೆ ತೊಂದರೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಹಗಲೆಲ್ಲ ಹಾಸ್ಯ, ಸರಿ. ಆದರೆ ರಾತ್ರಿ ಎದ್ದು ಬಚ್ಚಲಿನ ಕೊಳವೆಗೆ ಕಿವಿಗೊಟ್ಟು ಕೂರುತ್ತಿದ್ದೆ. ಹಾವು ಯಾವುದೋ ಕೊಳವೆಯಲ್ಲಿ ಸಿಕ್ಕಿ ಸತ್ತಿದ್ದರೆ? ಸೂಜಿಯಿಂದ ಉಳಿಸುತ್ತೇನೆಂದು ಹೇಳಿ ನಾನೇ ಕೊಂದಂತಾಗಲಿಲ್ಲವೇ? ಮಗಳಿಗೆ ಸತ್ಯ ಹೇಳೋಣವೆಂದು ಮೂರು ಸಲ ಫೋನ್ ಎತ್ತಿದೆ. ಮೂರು ಸಲವೂ ಅವಳು ಸಂತೋಷದಿಂದ, ಅಪ್ಪ ನಿನ್ನಂಥವರು ಯಾರೂ ಇಲ್ಲ ಎಂದಳು. ಅದಾದ ಮೇಲೆ ಹೇಗೆ ಹೇಳುವುದು?

ಆರು ವಾರ ತುಂಬಿತು. ಚೋಲ್ಪೊನ್ ಬಂದಳು, ಬಿಸಿಲಿಗೆ ಕಪ್ಪಾಗಿ, ಕುರಿ ವಾಸನೆಯೊಂದಿಗೆ. ಅವಳು ಕೈಕಾಲು ತೊಳೆಯುವುದರೊಳಗೆ ಲಿಡಿಯಾ ಮಕಾರೋವ್ನಾ ಶಾಲೆಯ ಪ್ರಾಂಶುಪಾಲರನ್ನೇ ಕರೆದುಕೊಂಡು ಬಂದರು. ಹಾವನ್ನು ಒಪ್ಪಿಕೊಳ್ಳುವ ಮೊದಲು ಅವರೇ ಕಣ್ಣಾರೆ ನೋಡಬೇಕಂತೆ. ಐವರೂ ಪೆಟ್ಟಿಗೆಯ ಸುತ್ತ ನಿಂತೆವು. ಎಲ್ಲರೂ ನನ್ನತ್ತ ನೋಡಿದರು.

ಚಾವಟಿಯನ್ನು ಎತ್ತಿದ ಧೈರ್ಯಶಾಲಿ ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕು. ಹಾವೆಂದು ನಂಬಿಸುತ್ತ ಬೇಗ ಎತ್ತಿ ಬೇಗ ಇಟ್ಟುಬಿಡೋಣ ಎಂಬುದು ನನ್ನ ಯೋಜನೆ. ಎಲೆಗಳ ಅಡಿಗೆ ಕೈ ಹಾಕಿದೆ, ಎತ್ತಿದೆ. ಪ್ರಾಂಶುಪಾಲರು ಎರಡು ಹೆಜ್ಜೆ ಹಿಂದೆ ಸರಿದರು. ಚೋಲ್ಪೊನ್ ಒಂದು ಹೆಜ್ಜೆ ಮುಂದೆ ಬಂದಳು.

"ಅಪ್ಪ," ಎಂದಳು, "ಇದಕ್ಕೆ ಹಿಡಿ ಇದೆ."

ಹೇಳಿದೆ. ಎಲ್ಲವನ್ನೂ ಹೇಳಿದೆ. ಸೌಟು, ಲಾಡಿ, ಮಜ್ಜಿಗೆ, ಕಾಗೆ. ಮಗಳ ಮುಖ ನೋಡಲಾಗದೆ ಚಾವಟಿಗೇ ಹೇಳಿದೆ. ಚೋಲ್ಪೊನ್‌ಳ ತುಟಿ ಅದುರುತ್ತಿತ್ತು. ಆಗ ಕಾಲಿಪಾ ಎದ್ದು ಹೊಲಿಗೆ ಕೋಣೆಗೆ ಹೋದಳು. ಬಂದಾಗ ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದಳು. ರವಿಕೆಯ ತೋಳಿನೊಳಗಿಂದ ಒಂದು ಪುಟ್ಟ ಬೂದುಬಣ್ಣದ ತಲೆ ಹೊರಬಂದು, ನಾಲಿಗೆ ಚಾಚಿ, ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿ, ಅವಳ ಮಣಿಕಟ್ಟಿಗೆ ಬಳೆಯಂತೆ ಸುತ್ತಿಕೊಂಡಿತು.

ಲಿಫ್ಟಿನಿಂದ ಹೊರಬಂದ ದಿನವೇ ಸಂಜೆ ಅದು ಅವಳಿಗೆ ಹೊಲಿಗೆ ಯಂತ್ರದ ಪಕ್ಕದ ಉಣ್ಣೆ ಚೀಲದಲ್ಲಿ ಸಿಕ್ಕಿತ್ತಂತೆ. ಕಿರುಚಲು ಬಾಯಿ ತೆರೆದಳಂತೆ. ನೋಡಿದರೆ ಹಾವು ಚೀಲದ ಮೂಲೆಯಲ್ಲಿ ಮುದುಡಿ, ತಲೆಯನ್ನು ಮೈಯ ಸುರುಳಿಯಡಿಗೆ ತುರುಕಿಕೊಂಡಿತ್ತು. ಅದೂ ತನ್ನ ಹಾಗೇ ಕಣ್ಣು ಮುಚ್ಚಲು ಪ್ರಯತ್ನಿಸುತ್ತಿದೆ ಎಂದು ಅವಳಿಗೆ ಅನ್ನಿಸಿತಂತೆ. ಒಂದು ವಾರ ಮುಟ್ಟಲಿಲ್ಲ. ತಾನು ಕಟ್ಟಿ ಬಿಚ್ಚಿದ ತಲೆವಸ್ತ್ರವನ್ನು ಚೀಲದಲ್ಲಿಟ್ಟು, ಪಕ್ಕದಲ್ಲಿ ಕುಳಿತು ಹೊಲಿದಳು. ಆಮೇಲೆ ಕೈಯನ್ನು ಹತ್ತಿರ ಇಟ್ಟು ಹಾಗೇ ಬಿಟ್ಟಳು. ಮೇಲಿನಿಂದ ಹೋಗಲಿಲ್ಲ, ಪಕ್ಕದಿಂದ ಹೋದಳು. ಅದು ಬುಸುಗುಟ್ಟಿದ ದಿನ ಸುಮ್ಮನೆ ಎದ್ದು ಬಂದಳು. ಮೂರನೆಯ ವಾರ ಅದೇ ಅವಳ ಕೈ ಹತ್ತಿತು.

"ಅದಕ್ಕೆ ಸಿಟ್ಟಿರಲಿಲ್ಲ ಕಣೇ," ಎಂದಳು ಮಗಳಿಗೆ. "ಹೆದರಿಕೆ ಇತ್ತು. ಅದೆರಡು ನೋಡೋಕೆ ಒಂದೇ ಥರ ಇರ್ತವೆ."

ನನಗೆ ಯಾಕೋ ಲಾಯದ ಕೆಲವು ಕುದುರೆಗಳು ನೆನಪಾದವು. ಮತ್ತೆ ನನ್ನ ಸ್ವಭಾವ ಮರಳಿ ಬಂದು, ನಾಲ್ಕು ವಾರ ನನಗೆ ಹೇಳದೆ ಇಟ್ಟುಕೊಂಡೆಯಲ್ಲ, ನನ್ನ ಪ್ರಾಣ ಬಾಯಿಗೆ ಬಂದಿತ್ತಲ್ಲ ಎಂದು ಜಗಳ ತೆಗೆದೆ.

ಕಾಲಿಪಾ ಹಾವಿನ ಬೆನ್ನು ಸವರುತ್ತಾ ಹೇಳಿದಳು: "ಹೇಳ್ಬೇಕು ಅಂತಾನೇ ಇದ್ದೆ ರೀ. ಆದ್ರೆ ನೀವು ಬೆಳಿಗ್ಗೆ ಬೆಳಿಗ್ಗೆ ಎದ್ದು ಚಾವಟಿಗೆ ನೀರಿಟ್ಟು, 'ಬಾ ಚಿನ್ನ, ಕುಡಿ' ಅಂತಿದ್ರಿ. ಮದುವೆ ಆದಾಗಿಂದ ನಿಮ್ಮ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲ. ಇನ್ನೆರಡು ದಿನ ಕೇಳೋಣ ಅನ್ನಿಸ್ತು."

ಮೊದಲು ನಕ್ಕವರು ಪ್ರಾಂಶುಪಾಲರು. ಹಾವನ್ನು ಅಲ್ಲೇ ಒಪ್ಪಿಕೊಂಡರು. ಜೊತೆಗೆ ಕಾಲಿಪಾ ಗುರುವಾರಕ್ಕೊಮ್ಮೆ ಶಾಲೆಗೆ ಬಂದು ಹಾವನ್ನು ಹಿಡಿಯುವ ಬಗೆಯನ್ನು ಮಕ್ಕಳಿಗೆ ಕಲಿಸಬೇಕೆಂದು ಕೇಳಿಕೊಂಡರು. ಲಿಡಿಯಾ ಮಕಾರೋವ್ನಾ ನನ್ನ ತೋಳುಗಳನ್ನು ಶಿಕ್ಷಕಿಯ ಕಣ್ಣಿನಿಂದ ತಿರುಗಿಸಿ ನೋಡಿ, ನಾನೂ ಬಂದರೆ ಬಹಳ ಉಪಕಾರವಾಗುತ್ತದೆ ಎಂದರು. ಹಿಡಿಯಬಾರದ ಬಗೆಯ ಗುರುತುಗಳು ಇಷ್ಟು ಸ್ಪಷ್ಟವಾಗಿ ಯಾವ ಪುಸ್ತಕದಲ್ಲೂ ಇಲ್ಲವಂತೆ.

ಹೋದೆ. ಹೋಗದೆ ಏನು ಮಾಡಲಿ, ನಾನೂ ಎರಡು ವರ್ಷದಿಂದ ಖಾಲಿ ಕುಳಿತವನು. ಮೊದಲ ಗುರುವಾರ ಮೂರನೆಯ ತರಗತಿ. ಇಸ್ತ್ರಿ ಮಾಡಿದ ಅಂಗಿಯ ಎರಡೂ ತೋಳು ಮಡಚಿಕೊಂಡು, ತಲೆಯ ಮೇಲೆ ಹಬ್ಬದ ಬಿಳಿ ಟೋಪಿ ಇಟ್ಟುಕೊಂಡು, ಮೂಲೆಯ ಸ್ಟೂಲಿನ ಮೇಲೆ ಕುಳಿತೆ. ಕಾಲಿಪಾ ನಡುವೆ ನಿಂತು ಪಾಠ ಮಾಡಿದಳು. ಮೇಲಿನಿಂದ ಕೈ ತರಬಾರದು, ಪಕ್ಕದಿಂದ ನಿಧಾನವಾಗಿ ತರಬೇಕು. ಹಸಿದಾಗ ಮಾತಾಡಿಸಬಾರದು. ಮುಖ ಸಣ್ಣದು ಮಾಡಿಕೊಂಡು ಮೂಲೆಯಲ್ಲಿ ಕುಳಿತಿದ್ದರೆ ಹಾಗೇ ಬಿಡಬೇಕು, ಅದೇ ಸರಿಹೋಗುತ್ತದೆ.

ಮುಂದಿನ ಸಾಲಿನಲ್ಲಿ ಎರಡು ಜಡೆಯ ಒಂದು ಹುಡುಗಿ ಇದನ್ನೆಲ್ಲ ಗಂಭೀರವಾಗಿ ಕೇಳಿ, ಮೂಲೆಯಲ್ಲಿದ್ದ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಕೈಯೆತ್ತಿದಳು.

"ಅಜ್ಜಿ, ಆ ತಾತ ಕಚ್ತಾರಾ?"

ಕಾಲಿಪಾ ಅವಸರ ಮಾಡಲಿಲ್ಲ. ಪ್ರಶ್ನೆಗೆ ಸಲ್ಲಬೇಕಾದಷ್ಟು ಯೋಚಿಸಿದಳು.

"ಮೊದ್ಲು ಕಚ್ತಿದ್ರು," ಎಂದಳು. "ಈಗ ಪರವಾಗಿಲ್ಲ. ಮುಟ್ಟಿ ನೋಡು."

ಹುಡುಗಿ ಎದ್ದು ಬಂದಳು. ಕಲಿಸಿಕೊಟ್ಟ ಹಾಗೆಯೇ, ಮೇಲಿನಿಂದಲ್ಲ, ಪಕ್ಕದಿಂದ, ನಿಧಾನವಾಗಿ ಕೈ ಚಾಚಿ ನನ್ನ ಮೊಣಕೈಯನ್ನು ಎರಡು ಸಲ ಸವರಿದಳು. ನಾನು ಅಲ್ಲಾಡಲಿಲ್ಲ. ಇಡೀ ತರಗತಿ ಚಪ್ಪಾಳೆ ತಟ್ಟಿತು.